ಮೂಟೆ ಎತ್ತುವವನ ಸೊಂಟ

ದಿನಕ್ಕೆ ನೂರು ಮೂಟೆ ಹೊತ್ತು ಲಾರಿ ತುಂಬುವ ಹಮಾಲಿಗೆ, ಹಕ್ಕಿಯಷ್ಟು ಹಗುರವಾಗಿದ್ದ ಅಮ್ಮನನ್ನು ಎಬ್ಬಿಸಿ ಕೂರಿಸುವುದೇ ಕಷ್ಟವಾಗಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗೋದಾಮಿನವರೆಲ್ಲ ನಗುತ್ತಿದ್ದರು.

ಅಮ್ಮನಿಗೆ ಲಕ್ವ ಹೊಡೆದು ಎರಡು ತಿಂಗಳು. ಎಡಗೈ, ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಬೆಳಿಗ್ಗೆ ಅವನು ಮಂಚದಿಂದ ಮೊಳ ದೂರ ನಿಂತು, ಸೊಂಟ ಬಗ್ಗಿಸಿ, ಅಮ್ಮನ ಕಂಕುಳಿಗೆ ಕೈ ಹಾಕಿ ಒಂದೇ ಏಟಿಗೆ ಜಗ್ಗುತ್ತಿದ್ದ. ಅಮ್ಮ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದಳು. ಆ ದಿನ ಜಗ್ಗಿದಾಗ ಅವನ ಸೊಂಟ ಚಳಕ್ ಎಂದಿತು. ಗೋಡೆ ಹಿಡಿದು ನಿಂತವನು ಹೆಂಡತಿಯ ಮುಖ ನೋಡಲಿಲ್ಲ. ಇವನೂ ಮಲಗಿಬಿಟ್ಟರೆ ಅವಳೊಬ್ಬಳು ಇಬ್ಬರನ್ನು ಹೇಗೆ ನೋಡಿಕೊಂಡಾಳು?

ವಾರಕ್ಕೊಮ್ಮೆ ಬರುವ ನರ್ಸಮ್ಮನಿಗೆ ಹೆಂಡತಿ ಎಲ್ಲವನ್ನೂ ಹೇಳಿದಳು. ಹಮಾಲಿಗೆ ಮುಜುಗರವಾಯಿತು.

"ಭಾರ ಎತ್ತೋದು ನನಗೆ ಕಲಿಸ್ಬೇಡಿ ಸಿಸ್ಟರ್. ಹದಿನೆಂಟು ವರ್ಷದಿಂದ ಅದೇ ಕೆಲಸ."

"ನೀನೇ ನನಗೆ ಕಲಿಸಪ್ಪ. ಎತ್ತೋದೇನೂ ಬೇಡ, ಎತ್ತೋ ಮುಂಚೆ ಹೇಗೆ ನಿಲ್ತೀಯ, ಅಷ್ಟು ತೋರಿಸು."

ಅವನು ಕಾಲು ಅಗಲಿಸಿ, ಒಂದು ಪಾದ ಮುಂದಿಟ್ಟು, ಬೆನ್ನು ನೆಟ್ಟಗಿರಿಸಿ ಮೊಣಕಾಲು ಬಗ್ಗಿಸಿದ. ಇಲ್ಲದ ಮೂಟೆಯನ್ನು ಹೊಟ್ಟೆಗೆ ತಬ್ಬಿಕೊಂಡ.

"ಪಕ್ಕಕ್ಕೆ ಇಡ್ಬೇಕಾದ್ರೆ ಸೊಂಟ ತಿರುಚ್ತೀಯಾ?"

"ತಿರುಚಿದ್ರೆ ಮುಗೀತು. ಪಾದ ತಿರುಗಿಸ್ಬೇಕು."

"ಮತ್ತೆ ಅಮ್ಮನ ಹತ್ರ ಈ ವಿದ್ಯೆಯೆಲ್ಲ ಎಲ್ಲಿ ಹೋಯ್ತು?"

ಹಮಾಲಿ ತಬ್ಬಿಬ್ಬಾದ. ಮೂಟೆಯನ್ನು ಅವನು ತಬ್ಬುತ್ತಿದ್ದ. ಅಮ್ಮನನ್ನು ತಬ್ಬಿ ಎಷ್ಟು ವರ್ಷವಾಗಿತ್ತೋ, ಈಗ ಸಂಕೋಚ. ಅದಕ್ಕೇ ದೂರ ನಿಲ್ಲುತ್ತಿದ್ದ. ಆ ದೂರವೇ ಸೊಂಟ ಮುರಿದಿತ್ತು.

ನರ್ಸಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ತೆಳ್ಳಗಿನ ಹೆಂಡತಿಯನ್ನು ಮಂಚದ ಹತ್ತಿರ ನಿಲ್ಲಿಸಿದಳು. "ಮೂಟೆ ಸಹಾಯ ಮಾಡಲ್ಲ, ಅಮ್ಮ ಮಾಡ್ತಾರೆ. ಏನು ಮಾಡ್ತೀಯ ಅಂತ ಮೊದಲು ಅವರಿಗೆ ಹೇಳು, ಆಮೇಲೆ ಮುಟ್ಟು," ಎಂದಳು.

ಸೊಸೆ ಹೇಳಿದಳು. ಅಮ್ಮ ಬಲಗಾಲನ್ನು ತಾನೇ ಮಡಿಸಿದಳು, ಎಡಗಾಲನ್ನು ಸೊಸೆ ಮಡಿಸಿದಳು. ಸೋತ ಕೈಯನ್ನು ಎಳೆಯದೆ ಹೊಟ್ಟೆಯ ಮೇಲಿಟ್ಟು, ಭುಜ ಮತ್ತು ಸೊಂಟ ಹಿಡಿದು ಬಲಮಗ್ಗುಲಿಗೆ ಹೊರಳಿಸಿದಳು. ಕಾಲುಗಳನ್ನು ಮಂಚದಿಂದ ಕೆಳಗಿಳಿಸಿದಳು. ಒಂದು, ಎರಡು, ಮೂರು ಎನ್ನುವಾಗ ಅಮ್ಮ ಬಲ ಮೊಣಕೈ ಊರಿದಳು, ಸೊಸೆ ಭುಜದ ಹಿಂದೆ ಕೈ ಕೊಟ್ಟಳು. ಅಮ್ಮ ಎದ್ದು ಕೂತಳು. ಹಲ್ಲು ಕಚ್ಚಲಿಲ್ಲ.

ಹಮಾಲಿ ಬಾಯಿ ಬಿಟ್ಟುಕೊಂಡು ನೋಡಿದ.

ಅಮ್ಮನ ಸೊಂಟದ ಕೆಳಗೆ ಕೆಂಪಾಗಿದ್ದ ಜಾಗವನ್ನೂ ನರ್ಸಮ್ಮ ಕಂಡುಹಿಡಿದಳು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಅದು ಹುಣ್ಣಾಗುತ್ತದೆ, ಹಾಸಿಗೆಯಲ್ಲಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೊಂದು, ಮೊಣಕಾಲುಗಳ ನಡುವೆ ಒಂದು ದಿಂಬು ಕೊಡಿ ಎಂದಳು. ಮೇಲಕ್ಕೆ ಸರಿಸಬೇಕಾದರೆ ಬೆನ್ನಡಿಗೆ ಮಡಿಸಿದ ದುಪ್ಪಟಿ ಹಾಸಿ, ಇಬ್ಬರೂ ಅದರ ಅಂಚು ಹಿಡಿದೆತ್ತಿ ಸರಿಸಬೇಕಂತೆ. ಮೈಯನ್ನು ಎಳೆದರೆ ಚರ್ಮ ಕಿತ್ತುಬರುತ್ತದಂತೆ. ಹಮಾಲಿಯನ್ನೂ ಸೊಂಟ ತೋರಿಸಿಕೊಂಡು ಬಾ ಎಂದು ಆಸ್ಪತ್ರೆಗೆ ಕಳಿಸಿದಳು.

ಸೊಂಟ ಸರಿಯಾದ ಮೇಲೆ, ಒಂದು ಬೆಳಿಗ್ಗೆ ಅವನೇ ಮಂಚಕ್ಕೆ ಒತ್ತಿ ನಿಂತ. ಮೊಣಕಾಲು ಬಗ್ಗಿಸಿದ. "ಅಮ್ಮಾ, ಈಗ ಏಳೋಣ್ವಾ?" ಅಂದ. ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ. ಎಣಿಸಿದ್ದು ಅಮ್ಮನೇ, ತೊದಲುತ್ತಾ. ಎದ್ದು ಕೂತವಳು ಬಲಗೈಯಿಂದ ಅವನ ಬೆನ್ನು ಸವರಿದಳು.

"ಸೊಂಟ ಹುಷಾರು, ಮಗಾ."

ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದವರಿದ್ದರೆ, ನಾಳೆ ಬೆಳಿಗ್ಗೆ ಅವರನ್ನು ಜಗ್ಗಬೇಡಿ. ಹತ್ತಿರ ಹೋಗಿ, ಮೊಣಕಾಲು ಬಗ್ಗಿಸಿ, ಹೇಳಿ, ಎಣಿಸಿ. ಗೊತ್ತಾಗದಿದ್ದರೆ ನರ್ಸಮ್ಮನನ್ನು ಕೇಳಿ. ನೋಡಿಕೊಳ್ಳುವ ನಿಮ್ಮ ಬೆನ್ನು ಗಟ್ಟಿಯಾಗಿದ್ದರೆ ತಾನೇ ಅವರಿಗೊಂದು ಆಸರೆ.