ಎತ್ತು ಮಲಗಿದ ಮಧ್ಯಾಹ್ನ

ಚಡಚಣದಿಂದ ತಂದ ಎತ್ತು ಎಂಟು ದಿನ ನೆಟ್ಟಗೆ ಮಲಗಿರಲಿಲ್ಲ. ಹೊಸ ಕೊಟ್ಟಿಗೆಯನ್ನು ಅದಿನ್ನೂ ನಂಬಿರಲಿಲ್ಲ. ಕುಳಿತರೂ ಕುತ್ತಿಗೆ ಎತ್ತಿಕೊಂಡೇ, ಕಣ್ಣು ಬಾಗಿಲ ಮೇಲೆ. ಎತ್ತಿನ ಒಡೆಯ ಶ್ರೀಶೈಲನದೂ ಅದೇ ಪಾಡು. ಹಿಂದಿನ ಎತ್ತು ಹೊಟ್ಟೆಯುಬ್ಬರದಿಂದ ಸಾಯುವಾಗ ಅವನು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ. ಆಮೇಲೆ ಅವನಿಗೆ ನಿದ್ದೆ ಹತ್ತಿದ್ದೇ ಅಪರೂಪ.

ಒಂಬತ್ತನೆಯ ದಿನ ಮಧ್ಯಾಹ್ನ, ಹೊಲದಲ್ಲಿ ಎಡೆಕುಂಟೆ ಹೊಡೆದು ಬಂದ ಎತ್ತು ಪಕ್ಕೆಯ ಮೇಲೆ ಅಡ್ಡ ಬಿತ್ತು. ತಲೆ ನೆಲಕ್ಕೆ. ಕಾಲು ಝಾಡಿಸಿತು. ತುಟಿ ಅದುರಿತು. ಅರೆತೆರೆದ ರೆಪ್ಪೆಯೊಳಗೆ ಗುಡ್ಡೆ ಹೊರಳಿತು.

ದನದ ಡಾಕ್ಟರು ಇಂಡಿಯಿಂದ ಬರಲು ತಾಸು ಬೇಕು. ಶ್ರೀಶೈಲ ಓಡಿಹೋಗಿ ಬಸಂತರಾಯನನ್ನು ಕರೆತಂದ. ದನಕ್ಕೆ ಏನೇ ಆಗಲಿ, ಬಸಂತರಾಯನ ಬಳಿ ಮದ್ದು ಒಂದೇ: ಕಾಯಿಸಿದ ಕುಡಗೋಲಿನ ಬರೆ. ಬದುಕಿದ ದನಗಳೆಲ್ಲ ಅವನ ಬಾಯಲ್ಲಿದ್ದವು. ಸತ್ತವು ಅವನನ್ನು ತಡವಾಗಿ ಕರೆಸಿದ್ದವು.

"ವ್ಯಾಳ್ಯಾ ಇಲ್ಲೋ ತಮ್ಮಾ," ಎಂದು ಕುಳ್ಳಿನ ಬೆಂಕಿ ಊದಿದ. "ಕಾಲ ಸೆಳಿಯಾಕತ್ತೈತಿ. ಹೊಟ್ಟಿ ಮ್ಯಾಲ ಎರಡ ಬರಿ ಎಳೀತೇನಿ."

ಕುಡಗೋಲು ಕೆಂಪಗಾಗುವ ಹೊತ್ತಿಗೆ ಶ್ರೀಶೈಲನ ತಾಯಿ ಸಿದ್ದವ್ವ ಮೇವು ಹೊತ್ತು ಬಂದಳು. ಹೊರೆ ಇಳಿಸಿ ಎತ್ತಿನ ಎಡಹೊಟ್ಟೆಯನ್ನು ಬೆರಳಿಂದ ಬಾರಿಸಿ ನೋಡಿದಳು.

"ಉಬ್ಬಿಲ್ಲ. ಮೆತ್ತಗೈತಿ. ಕನಸ ಬಿದ್ದೈತಿ ಅದಕ್ಕ."

"ಎತ್ತಿಗಿ ಕನಸ?" ಬಸಂತರಾಯ ನಕ್ಕ. "ಏನ ಕಾಣಾಕತ್ತೈತಿ ಸಿದ್ದವ್ವಾ, ಚಡಚಣದ ದ್ರಾಕ್ಷಿ ತ್ವಾಟಾನ?"

"ಅದನ್ನ ಕೇಳ್ರಿ. ನನ್ನ ಮಗಾನೂ ನಿದ್ದ್ಯಾಗ ಒದೀತಾನು. ಇವಂಗೂ ಬರಿ ಹಾಕ್ತೀರೇನು?"

"ಸರದ ನಿಲ್ಲ ಯವ್ವಾ," ಶ್ರೀಶೈಲ ತಾಯಿಯ ತೋಳು ಹಿಡಿದೆಳೆದ. "ಹ್ವಾದ ಸಲಾನೂ ತಡಾ ಮಾಡಿದ್ನಿ."

ಸಿದ್ದವ್ವ ಸರಿಯಲಿಲ್ಲ, ಎತ್ತಿನ ಹೊಟ್ಟೆಗೆ ಬೆನ್ನು ಕೊಟ್ಟು ಕುಳಿತೇಬಿಟ್ಟಳು. ಬಸಂತರಾಯ ಕುಡಗೋಲು ಎತ್ತಿ ಶ್ರೀಶೈಲನ ಕಡೆ ತಿರುಗಿದ.

"ಎತ್ತ ನಿಂದು. ನೀ ಹೇಳೋ."

ಶ್ರೀಶೈಲ ಮಂಡಿಯೂರಿ ಎತ್ತಿನ ಪಕ್ಕೆಯ ಮೇಲೆ ಅಂಗೈ ಇಟ್ಟ. ಹೊಟ್ಟೆ ಏರಿತು, ಇಳಿಯಿತು. ಕಾಲು ಮತ್ತೆ ಝಾಡಿಸಿತು. ಅವನು ಕೈ ತೆಗೆಯಲಿಲ್ಲ.

"ತಡೀರಿ ಕಾಕಾ."

ಕಬ್ಬಿಣ ಕೆಂಪಿನಿಂದ ಕಪ್ಪಿಗೆ ತಿರುಗಿತು. ಆಮೇಲೆ ಎತ್ತು ತಲೆ ಎತ್ತಿ ಮೂವರನ್ನೂ ನೋಡಿತು, ದೊಡ್ಡದಾಗಿ ತೇಗಿತು, ನಾಲ್ಕು ಸಲ ಮೆಲುಕು ಹಾಕಿ ಮತ್ತೆ ತಲೆ ನೆಲಕ್ಕಿಟ್ಟಿತು.

"ಕಾವು ತಾಗಿದ್ದಕ್ಕ ನೆಟ್ಟಗಾತು ನೋಡು," ಎಂದ ಬಸಂತರಾಯ.

ಎತ್ತಿಗೆ ಒರಗಿ ಕುಳಿತ ಶ್ರೀಶೈಲನ ಕುತ್ತಿಗೆ ನಿದ್ದೆಗೆ ವಾಲಿತ್ತು. ಸ್ವಲ್ಪ ಹೊತ್ತಿಗೆ ಅವನ ಕಾಲೂ ಝಾಡಿಸಿತು. ಸಿದ್ದವ್ವ ಎದ್ದು ಬಸಂತರಾಯನ ಕೈಯಿಂದ ಕುಡಗೋಲು ಇಸಿದುಕೊಂಡು ಒಳಗೆ ಇಟ್ಟು ಬಂದಳು.