ಸಹಿ ಹಾಕದ ಬೆಳಿಗ್ಗೆ

ನೀರಿನ ಮೇಲೆ ಇಳಿಯುವ ವಿಮಾನ ದ್ವೀಪಕ್ಕೆ ಬರತೊಡಗಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅಲ್ಲಿನ ಶಾಲೆಯ ಟೀಚರು. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ದಡದ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಲಾಂಚಿನಲ್ಲಿ ಆರು ಗಂಟೆ, ವಿಮಾನದಲ್ಲಿ ಇಪ್ಪತ್ತೇ ನಿಮಿಷ. ಬೆಳಿಗ್ಗೆ ಹೋದವಳು ಮಕ್ಕಳಿಬ್ಬರೂ ಹೋಂವರ್ಕ್ ಮುಗಿಸುವಷ್ಟರಲ್ಲಿ ಮನೆಯಲ್ಲಿರುತ್ತಿದ್ದಳು.

ದಡದ ಊರಿನಲ್ಲಿ ಆ ವಿಮಾನಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಅವಳ ಒಡಹುಟ್ಟಿದ ತಮ್ಮ. ಕಂಪನಿಗೆ ಇದ್ದದ್ದೇ ಎರಡು ವಿಮಾನ. ದಿನಾ ಸಂಜೆ ಅವನು ಪೈಪು ಹಿಡಿದು, ಸಿಹಿನೀರಿನಲ್ಲಿ ಅವುಗಳ ಮೈಗೆ ಕೂತ ಉಪ್ಪು ತೊಳೆಯುತ್ತಿದ್ದ. ವಿಮಾನ, ಲಾಂಚು ನಿಲ್ಲುವ ಜೆಟ್ಟಿಯವರು ಅವನಿಗೆ ಉಪ್ಪಣ್ಣ ಎಂದೇ ಹೆಸರಿಟ್ಟರು. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ ಎಂದು ಟಿಕೆಟ್ ಕೊಡುವವನು ವಿಮಾನ ತೋರಿಸಿ ನಗುತ್ತಿದ್ದ.

ವರ್ಷ ಕಳೆಯುವಷ್ಟರಲ್ಲಿ ಒಂದು ವಿಮಾನ ಮೂಲೆ ಸೇರಿತು. ಅದರ ಭಾಗಗಳನ್ನು ಕಳಚಿ ಇನ್ನೊಂದಕ್ಕೆ ಹಾಕಿ ದಿನ ದೂಡಿದರು. ಹದಿನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ನೀರಿನ ಮೇಲೆ ತೇಲುವ ಕಾಲು ವಿಮಾನದ ಮೈಗೆ ಕೂಡುವ ಕಡೆ ಅವನಿಗೆ ಒಂದು ಬಿರುಕು ಕಂಡಿತು. ಕೂದಲೆಳೆಯಷ್ಟು.

ಮಾಲೀಕ ಕೆಟ್ಟವನಲ್ಲ. ಹೊಸ ಭಾಗ ಬರಲು ನಾಲ್ಕು ತಿಂಗಳು ಬೇಕು, ಅಲ್ಲಿಯವರೆಗೆ ನಿಂತರೆ ಕಂಪನಿ ಮತ್ತೆ ಏಳುವುದಿಲ್ಲ, ಇನ್ನೆರಡು ವಾರ ಹಾರಿಸಿ ಒಂದಿಷ್ಟು ದುಡ್ಡು ಕೂಡಿಸಿಕೊಳ್ಳೋಣ ಎಂದು ಅಂಗಲಾಚಿದ. ಉಪ್ಪಣ್ಣನ ಸಹಿ ಇಲ್ಲದೆ ವಿಮಾನ ಏಳುವಂತಿರಲಿಲ್ಲ. ಮರುದಿನದ ಪ್ರಯಾಣಿಕರ ಪಟ್ಟಿ ಅವನ ಮುಂದೆಯೇ ಇತ್ತು. ಮೊದಲ ಹೆಸರು ಅಕ್ಕನದು. ಅವನು ಸಹಿ ಹಾಕಲಿಲ್ಲ.

ತಿಂಗಳೊಳಗೆ ಕಂಪನಿ ಬಾಗಿಲು ಮುಚ್ಚಿತು. ಟಿಕೆಟ್ ಕೊಡುವವನು ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ. ಲಾಂಚಿನ ಓಡಾಟವನ್ನು ಅಕ್ಕನ ಮೈ ತಾಳಲಿಲ್ಲ. ಭಾವ ಕೆಲಸ ಬಿಡುವಂತಿರಲಿಲ್ಲ, ಮಕ್ಕಳ ಶಾಲೆ ನಡೆಯುತ್ತಿತ್ತು. ಅವಳೊಬ್ಬಳೇ ದಡದ ಊರಿಗೆ ಬಂದು ತಮ್ಮನ ಒಂಟಿ ಕೋಣೆ ಸೇರಿದಳು. ಮಂಚ ಅವಳಿಗೆ ಬಿಟ್ಟು ಅವನು ಒಲೆಯ ಪಕ್ಕ ಚಾಪೆ ಹಾಸಿಕೊಂಡ. ದಿನಾ ಸಂಜೆ ಅವಳು ಫೋನಿನಲ್ಲೇ ಮಕ್ಕಳಿಂದ ಮಗ್ಗಿ ಕೇಳುತ್ತಿದ್ದಳು.

ಒಂದು ದಿನ, ಇದೆಲ್ಲ ತನ್ನಿಂದಲೇ ಆಯಿತು ಎಂದು ಅವನು ಬಾಯಿಬಿಟ್ಟ.

"ಆ ಸೀಟಲ್ಲಿ ಕೂರ್ತಿದ್ದೋಳು ನಾನೇ ಅಲ್ವೇನೋ," ಎಂದಳು ಅಕ್ಕ. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳು ಅಳುತ್ತಿದ್ದುದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಎಂಟು ತಿಂಗಳಾದ ಮೇಲೆ ಸಮುದ್ರ ಕೆರಳಿ ಒಂಬತ್ತು ದಿನ ಲಾಂಚು ನಿಂತಿತು. ಐದನೆಯ ದಿನ ಡಯಾಲಿಸಿಸ್ ನಡುವೆಯೇ ಎದೆಬಡಿತ ನಿಂತು ಅಕ್ಕ ತೀರಿಕೊಂಡಳು. ಹತ್ತನೆಯ ದಿನ ಮಕ್ಕಳನ್ನು ಕರೆದುಕೊಂಡು ಭಾವ ದ್ವೀಪದಿಂದ ಬಂದಾಗ ಅಂತ್ಯಸಂಸ್ಕಾರ ಮುಗಿದಿತ್ತು; ತೋರಿಸಲು ಖಾಲಿ ಮಂಚ, ಅವಳ ಬಟ್ಟೆಬರೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಭಾವ ಅವಳ ಬಟ್ಟೆಗಳನ್ನು ಒಂದೊಂದಾಗಿ ಮಡಿಸುತ್ತ, ತಲೆ ಎತ್ತದೆ ಅಂದರು: "ನೀನು ಸಹಿ ಹಾಕಿದ್ದಿದ್ರೆ ಏನೂ ಆಗ್ತಿರಲಿಲ್ವೇನೋ."

"ಆಗ್ತಿರಲಿಲ್ವೇನೋ, ಭಾವ," ಎಂದ ಅವನು.

ಸಾಮಾನು ಹೊರಲು ಅವನೂ ಲಾಂಚು ಹತ್ತಿದ. ಭಾವ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಡುದಾರಿಯಲ್ಲಿ ಚಿಕ್ಕವಳು ಬಂದು ಮಾವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಭಾವ ಅದನ್ನು ನೋಡಿದರು. ನೋಡಿ, ತಮ್ಮ ಶಾಲು ತೆಗೆದು ಮಗುವಿಗೆ ಹೊದಿಸೆಂದು ಅವನ ಕೈಗೆ ಕೊಟ್ಟರು.