ಹದಿನಾಲ್ಕು ಸಾಲಿನ ಚೌಕ

ಒಂದು ಲಕ್ಷ ತೊಂಬತ್ತಾರು ಸಾವಿರ. ಕಲ್ಯಾಣದ ಶರಣಗಣಂಗಳ ಲೆಕ್ಕವದು ಎಂದು ಶಹಾಪುರದಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಸಂಖ್ಯೆಯ ಒಳಗುಟ್ಟು ತನಗೊಬ್ಬಳಿಗೇ ಗೊತ್ತೆಂದು ಗೊಲ್ಲಾಳಮ್ಮನ ಹೆಮ್ಮೆ. ಗಣಿತದ ಮಾಸ್ತರರಾಗಿದ್ದ ಗಂಡ ಚನ್ನಯ್ಯನವರು ಒಂದು ಸಂಜೆ ಚಹಾ ಕುಡಿಯುತ್ತ ಹೇಳಿದ್ದರು: "ಸಾವಿರ ಬತ್ತಿಗೊಂದು ಕಟ್ಟು ಕಟ್ಟಿದ್ರ ನೂರಾ ತೊಂಬತ್ತಾರು ಕಟ್ಟು. ಹದಿನಾಲ್ಕು ಸಾಲು, ಸಾಲಿಗೆ ಹದಿನಾಲ್ಕು. ಎತ್ತಲಿಂದ ನೋಡಿದ್ರೂ ಚೌಕ."

ಆ ಮನೆತನದಲ್ಲಿ ಸತ್ತವರ ಮೊದಲ ವರ್ಷದ ಸ್ಮರಣೆಗೆ ಒಬ್ಬೊಬ್ಬ ಶರಣರಿಗೆ ಒಂದರಂತೆ ಹತ್ತಿಯ ಬತ್ತಿ ಹೊಸೆದು ಮಠಕ್ಕೆ ಒಪ್ಪಿಸುವ ವಾಡಿಕೆ. ಓಣಿಯ ಹೆಂಗಸರೆಲ್ಲ ಕೂಡಿ ಹೊಸೆಯುವ ಕೆಲಸ. ಗೊಲ್ಲಾಳಮ್ಮ ಮಾತ್ರ ಗಂಡನ ಬತ್ತಿಗೆ ಯಾರ ಕೈಯನ್ನೂ ತಾಗಗೊಡಲಿಲ್ಲ.

"ಅಕ್ಕಾ, ನನಗೂ ಭಾವನೋರಲ್ಲೇನು? ಒಂದು ಹಿಡಿ ಹತ್ತಿ ಕೊಡು," ಎಂದಳು ನೆಗೆಣ್ಣಿ ಬಸವೇಶ್ವರಿ.

"ನಿನ್ನ ಗಂಡ ಅದಾನಲ್ಲ, ಹೋಗಿ ಅವನ ಅಂಗಿಗೆ ಗುಂಡಿ ಹಚ್ಚು."

ಸ್ಮರಣೆಯ ಮುಂಜಾನೆ ಅಟ್ಟದಿಂದ ಕಟ್ಟುಗಳನ್ನು ಇಳಿಸಿದರೆ ಒಂದನ್ನು ಇಲಿ ಕಡಿದು ಪುಡಿ ಮಾಡಿತ್ತು. ಮಾಸ್ತರರ ಫೋಟೋದ ಮುಂದಿನ ಚೌಕದಲ್ಲಿ ಒಂದು ಮೂಲೆ ಖಾಲಿ ಉಳಿಯಿತು.

ಅಷ್ಟರಲ್ಲಿ ಪರಿಮಳಾ ಬಂದಳು. ಮಾಸ್ತರರ ಹಳೆಯ ಶಿಷ್ಯೆ. ಈಗ ಮುದನಾಳದಲ್ಲಿ ಗಣಿತ ಕಲಿಸುತ್ತಾಳೆ. ಗುರುವಿಗೆಂದು ತಾನೇ ಹೊಸೆದ ಸಾವಿರ ಬತ್ತಿಯ ಕಟ್ಟು ಕೈಯಲ್ಲಿತ್ತು.

"ಹದಿನಾಲ್ಕರ ಚೌಕ ಹೌದಲ್ರಿ ಅಮ್ಮಾ!" ಎಂದು ಆಕೆ ಮುಖ ಅರಳಿಸಿದಳು. "ಬಿಡಿ ಬತ್ತಿ ಇಟ್ರ ಚೌಕ ಕೂಡಂಗಿಲ್ಲ, ಇಂಥಾ ಹತ್ತು ಮನಿ ಬತ್ತಿ ಕೂಡಿಸಿದ್ರ ಕೂಡ್ತದ, ಸಾಲಿಗೆ ಸಾವಿರದ ನಾನೂರು ಅಂತಿದ್ರು ಸರ್."

ಗೊಲ್ಲಾಳಮ್ಮ ಗಕ್ಕನೆ ತಿರುಗಿ ನೋಡಿದಳು. ಈ ಮಾತನ್ನು ಅವರು ತನಗೆ ಹೇಳಿರಲೇ ಇಲ್ಲ.

"ನಿನಗ್ಯಾವಾಗ ಹೇಳಿದ್ರು?"

"ಸಾಲಿ ಬಿಟ್ಟ ಮ್ಯಾಲ್ರಿ, ಬೇವಿನ ಗಿಡದ ಕೆಳಗ. ನಾವು ಹುಡುಗ್ರೆಲ್ಲ ಕುಂತಿರ್ತಿದ್ವಿ."

"ಮನಿಗೆ ತಡಾ ಆಗಿ ಬಂದು, ಸಾಲ್ಯಾಗ ಮೀಟಿಂಗ್ ಇತ್ತು ಅಂತಿದ್ರು," ಎಂದು ಗೊಲ್ಲಾಳಮ್ಮ ಫೋಟೋವನ್ನು ದುರುಗುಟ್ಟಿ ನೋಡಿದಳು. "ನಿನ್ನ ಕಟ್ಟು ಬ್ಯಾಡವ್ವಾ. ಇಲ್ಲಿರೋದೆಲ್ಲಾ ನಾನೇ ಹೊಸ್ದೀನಿ."

ಪರಿಮಳಾ ಖಾಲಿ ಮೂಲೆಯನ್ನು ನೋಡಿ ತುಸು ಯೋಚಿಸಿದಳು. "ಹಂಗಾದ್ರ ಹದಿಮೂರು ಸಾಲು ಮಾಡ್ರಿ, ಸಾಲಿಗೆ ಹದಿನೈದು. ನಂದಿಲ್ಲದೇನೂ ಸರಿ ಕೂಡ್ತದ."

"ಇದೂ ಅವರೇ ಹೇಳಿದ್ದೇನು?"

"ಇಲ್ರಿ. ಈಗ ಹೊಳೀತು."

ಅಷ್ಟಕ್ಕೇ ಮುದುಕಿಗೆ ಅರ್ಧ ಸಮಾಧಾನ. ಸಾಲು ಕೆಡಿಸಿ ಹೊಸದಾಗಿ ಜೋಡಿಸಿದಳು. ನಿಜವೇ, ಒಂದು ಮೂಲೆಯೂ ಖಾಲಿ ಉಳಿಯಲಿಲ್ಲ. ಪರಿಮಳಾ ತನ್ನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿ ಕುಳಿತಳು.

ಗೊಲ್ಲಾಳಮ್ಮ ವಿಭೂತಿ ಹಚ್ಚಿ ಕೈಮುಗಿದು, "ಒಂದು ಲಕ್ಷ ತೊಂಬತ್ತ..." ಎಂದವಳು ತಡೆದು ನಿಂತಳು. ಮುಂದೆ ಐದು ಎನ್ನಲು ನಾಲಿಗೆ ಏಳಲಿಲ್ಲ. ಇನ್ನೊಂದು ಸಾವಿರ ಶರಣರು ಹೊಸ್ತಿಲಲ್ಲಿ, ಆ ಹುಡುಗಿಯ ಮಡಿಲಲ್ಲಿ ಕುಳಿತಿದ್ದರು.

"ಶಿವಶಿವಾ, ಶರಣರನ್ನ ಹೊರಗ ಕುಂದ್ರಿಸಿ ನಾ ಎಂಥಾ ಪೂಜಿ ಮಾಡ್ಲಿ! ತಾ ಇಲ್ಲಿ."

ಮತ್ತೆ ಹದಿನಾಲ್ಕು ಸಾಲು. ಪರಿಮಳಾಳ ಕಟ್ಟು ಫೋಟೋದಿಂದ ಎಲ್ಲಕ್ಕಿಂತ ದೂರದ ಮೂಲೆಗೆ ಹೋಯಿತು.

"ಅಕ್ಕಾ, ಇಲ್ಲೂ ಹಿಂದಿನ ಬೆಂಚೇನು?" ಎಂದು ಬಸವೇಶ್ವರಿ ನಕ್ಕಳು.

"ತಡಾ ಮಾಡಿ ಬಂದಾಳ, ಹಿಂದ ಕುಂದರ್ಲಿ."

ಆರತಿ ಮುಗಿಯಿತು. ಗೊಲ್ಲಾಳಮ್ಮ ಪರಿಮಳಾಳ ಮುಖ ನೋಡದೆ, ಆದರೆ ಆಕೆಯ ಪಕ್ಕದಲ್ಲೇ ಕುಳಿತಳು.

"ಅದೇನೋ ಹತ್ತು ಮನಿದು ಅಂದೆಲ್ಲ, ಇನ್ನೊಮ್ಮೆ ಹೇಳು. ಅವರು ಹೆಂಗ ಹೇಳಿದ್ರೋ ಹಂಗೇ ಹೇಳು."